ಮೀಟರಿಗೊಂದು ಗೋಡೆ

ಮನೆಗೆ ಕರೆಂಟ್ ಹಾಕಿಸುವುದು ಏನು ಮಹಾ ವಿದ್ಯೆ? ತಂತಿ ಕಂಬದಿಂದ ಹೊರಡುತ್ತದೆ, ಮನೆಗೆ ಬರುತ್ತದೆ. ಎಮ್ಮೆಗೆ ಹೆರಿಗೆ ಮಾಡಿಸಿದವಳು, ಬೀಗರ ಜಗಳ ಬಿಡಿಸಿದವಳು, ನನಗೆ ಇದೊಂದು ಬಾರದೇ ಹೋಗುತ್ತದೆಯೇ?

ದೊಡ್ಡಉಳ್ಳಾರ್ತಿಯ ಅಂಚಿನಲ್ಲಿ, ಕಾವಲಿನ ಹುಲ್ಲು ಶುರುವಾಗುವ ಕಡೆ ನಮ್ಮ ಸೈಟು. ಮಗ ತಿಪ್ಪೇಶ ಬೆಳಿಗ್ಗೆಯೇ ಕೆಲಸಕ್ಕೆ ಹೋಗುವವನು. "ಅವ್ವಾ, ಲೈನ್‌ಮನ್ ಬಂದ್ರೆ ಸುಮ್ನೆ ನಿಂತು ನೋಡ್ಕೋ, ಸಾಕು" ಎಂದ. ನಾನು ಹುಟ್ಟಿದಾಗಿನಿಂದ ಸುಮ್ಮನೆ ನಿಂತು ನೋಡಿದ್ದನ್ನು ಯಾರೂ ಕಂಡಿಲ್ಲ.

ಕಟ್ಟಬೇಕಿದ್ದ ಹೊಸ ಮನೆಯಲ್ಲಿ ಸೊಸೆ ಪಾಲಮ್ಮ ಕೇಳಿದ್ದು ಒಂದೇ: ಅಡುಗೆಮನೆಗೆ ಮೂಡಲಿಗೊಂದು ಕಿಟಕಿ. ಹಳೇ ಮನೆಯ ಅಡುಗೆಮನೆಗೆ ಕಿಟಕಿಯೇ ಇಲ್ಲ. ಗ್ಯಾಸ್ ಬಂದರೂ ರೊಟ್ಟಿ ಸೌದೆ ಒಲೆಯ ಮೇಲೇ ಆಗಬೇಕು ಎಂಬುದು ನನ್ನ ಕಾನೂನು. ಅವಳು ಹೊಗೆಯಲ್ಲಿ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಟ್ಟಿದ್ದೇ ತಟ್ಟಿದ್ದು. "ಕಿಟಕಿ ನೋಡಿದ್ರೆ ರೊಟ್ಟಿ ಹೆಚ್ಚು ಉಬ್ಬತಾವಾ?" ಎಂದು ನಾನು ಕೇಳಿದ್ದೆ. ಆದರೆ ನನ್ನ ಕೋಣೆಗೆ ರಸ್ತೆಯ ಕಡೆ ದೊಡ್ಡ ಕಿಟಕಿ ಇರಬೇಕೆಂದು ಎಲ್ಲರಿಗಿಂತ ಮೊದಲೇ ಪ್ಲಾನಿನಲ್ಲಿ ಹಾಕಿಸಿದ್ದೆ. ಊರಲ್ಲಿ ಯಾರು ಯಾರ ಜೊತೆ ಎಲ್ಲಿಗೆ ಹೋದರು ಎಂಬುದು ಒಬ್ಬರಿಗಾದರೂ ಗೊತ್ತಿರಬೇಕಲ್ಲ!

ಲೈನ್‌ಮನ್ ಬಂದ.

"ಅಜ್ಜೀ, ಈಗ ಟೆಂಪರ್ವರಿ ಕನೆಕ್ಷನ್ ತಗಳ್ರಿ. ರಸ್ತೆ ಪಕ್ಕ ಒಂದು ಗೂಟ ನೆಟ್ಟು ಬೋರ್ಡ್ ಹೊಡೀತೀನಿ. ಮನೆ ಆದ್ಮೇಲೆ ಒಳ್ಳೆ ಜಾಗ ನೋಡಾನ."

"ನನ್ನ ಮನೇಲಿ ಟೆಂಪರ್ವರಿ ಅನ್ನೋದೇ ಇಲ್ಲ. ಕೊಟ್ರೆ ಖಾಯಂ ಕೊಡು."

"ಖಾಯಂ ಕೊಡಾಕೆ ಗೋಡೆ ಬೇಕಲ್ಲಜ್ಜೀ! ಇಲ್ಲಿ ಬರೀ ಹುಲ್ಲೈತೆ."

"ಗೋಡೆ ತಾನೆ? ನಾಡಿದ್ದು ಬಾ."

ಗಾರೆ ಮೇಸ್ತ್ರಿ ಬಾಷಾನನ್ನು ಕರೆಸಿದೆ. ಆಗ್ನೇಯ ಮೂಲೆಯಲ್ಲಿ ನಿಂತು, "ಇಲ್ಲಿ ಎಬ್ಬಿಸು" ಎಂದೆ.

"ಅಜ್ಜೀ, ಇನ್ನೂ ಮಾರ್ಕಿಂಗೇ ಆಗಿಲ್ಲ. ಅಲ್ಲಿ ಅಡುಗೆಮನೆ ಬರತೈತೆ" ಎಂದ.

"ಬರಲಿ ಬಿಡು. ಆಗ್ನೇಯ ಅಂದ್ರೆ ಬೆಂಕಿ ಮೂಲೆ. ಕರೆಂಟೂ ಬೆಂಕಿ, ಒಲೇನೂ ಬೆಂಕಿ. ಎರಡೂ ಒಂದೇ ಬಳಗ, ಒಟ್ಟಿಗಿರ್ತಾವೆ. ಮೀಟ್ರು ಒಳಮುಖಕ್ಕೆ ಬರಲಿ, ಮಳೆ ಹೊಡೀಬಾರ್ದು."

"ತಿಪ್ಪೇಶಣ್ಣನ್ನ ಒಂದು ಮಾತು ಕೇಳಿ..."

"ತಿಪ್ಪೇಶನ್ನ ಹೆತ್ತಿದ್ದು ಯಾರು?"

ಬಾಷಾ ಕರಣೆ ಎತ್ತಿಕೊಂಡ.

ಕಲ್ಲಿನ ಪಾಯ ಹಾಕಿಸಿ, ಆಳುದ್ದ ಗೋಡೆ ಎಬ್ಬಿಸಿದೆ. ಖಾಯಂ ಕೊಡಲು ಅನುಮಾನಿಸಿದ ಕರೆಂಟ್ ಆಫೀಸಿನ ಸಾಹೇಬರ ಮುಂದೆ ಕೂತು, "ನೀನು ಸೈನ್ ಹಾಕೋಗಂಟ ನಾನು ಏಳಲ್ಲ" ಎಂದೆ. ನನ್ನ ಬಾಯಿ ತಾಳಲಾರದೆ ಹಾಕಿದರು. ಮೀಟರಿಗೆ ಸೀಲೂ ಬಿತ್ತು. ತೆಂಗಿನಕಾಯಿ ಒಡೆದೆ. ಖಾಲಿ ಸೈಟಿನಲ್ಲಿ ಒಂಟಿ ಗೋಡೆ, ಅದರ ಮೇಲೆ ಕೆಂಪು ದೀಪ ಮಿಣುಕುವ ಮೀಟರು. ಮನೆ ಮಾತ್ರ ಇಲ್ಲ!

ಕುರಿಗಳು ಬಂದು ಮೈ ಉಜ್ಜಿದವು. ಒಂದು ದಿನ ನೋಡಿದರೆ, ಗೋಡೆಯ ನೆರಳಲ್ಲಿ ಗಂಟುಮೂಟೆ ಸಮೇತ ಪರವೂರಿನ ಸಂಸಾರವೊಂದು ಕೂತಿದೆ.

"ಯಾರಪ್ಪಾ ನೀವು?"

"ಚಳ್ಳಕೆರೆ ಬಸ್ಸು ಇಲ್ಲೇ ನಿಲ್ಲತೈತಲ್ಲಾ ಅಮ್ಮಾ?"

ಆಗಲೂ ನನಗೆ ಬುದ್ಧಿ ಬರಲಿಲ್ಲ. ನಮ್ಮ ಗೋಡೆ ಸರ್ಕಾರದ ಕಟ್ಟಡದಷ್ಟು ಗಟ್ಟಿಯಾಗಿ ಕಾಣುತ್ತದಲ್ಲ ಎಂದು ಹೆಮ್ಮೆಪಟ್ಟೆ.

ಬುದ್ಧಿ ಬಂದಿದ್ದು ಮಾರ್ಕಿಂಗ್ ದಿನ. ಬಾಷಾ ದಾರ ಹಿಡಿದು ಸುಣ್ಣದ ಪುಡಿ ಬಿಟ್ಟುಕೊಂಡು ಬಂದ. ಗೋಡೆಯ ಹತ್ತಿರ ನಿಂತುಬಿಟ್ಟ. ತಿಪ್ಪೇಶ ಪ್ಲಾನ್ ನೋಡಿದ, ಗೋಡೆ ನೋಡಿದ, ನನ್ನನ್ನು ನೋಡಿದ.

"ಅವ್ವಾ, ಇದು ಪಾಲಮ್ಮನ ಕಿಟಕಿ ಜಾಗ."

"ತೆಂಕಲಿಗೆ ಇಡು."

"ತೆಂಕಲಿಗೆ ಪಕ್ಕದೋರ ಗೋಡೆ ಐತೆ. ಅವರ ಗೋಡೆ ನೋಡ್ಕಂಡು ರೊಟ್ಟಿ ತಟ್ಟಬೇಕಾ?"

ಕಟ್ಟಡದ ಕೆಲಸಕ್ಕೆ ಮೀಟರಿನಿಂದ ತಂತಿ ಎಳೆಯಲು ಬಂದಿದ್ದ ಲೈನ್‌ಮನ್, "ಒಲೆ ಪಕ್ಕ ಮೀಟ್ರು ಇಡಂಗೇ ಇಲ್ಲಜ್ಜೀ, ಹಬೆ ಹೊಡೀತೈತೆ. ಜಾಗ ಬದಲಾಯಿಸ್ಬೇಕಂದ್ರೆ ಮತ್ತೆ ಆಫೀಸಿಗೆ ಹೋಗ್ರಿ" ಎಂದ. ಒಂದೇ ಬಳಗ ಎಂದಿದ್ದೆನಲ್ಲ, ಬಳಗದವರೇ ಕೂಡಿ ಬಾಳುವುದಿಲ್ಲ ಎಂಬುದು ಈ ವಯಸ್ಸಿನಲ್ಲಿ ನನಗೆ ಗೊತ್ತಿರಬೇಕಿತ್ತು.

ಪಾಲಮ್ಮ ಮೊಳಕಾಲ್ಮೂರು ಕಡೆಯವಳು. ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಾಳೆ. ಅವತ್ತು ಯಾವ ಭಾಷೆಗೂ ಇಳಿಯಲಿಲ್ಲ. ಗೋಡೆಯ ಮೇಲೊಮ್ಮೆ ಅಂಗೈ ಇಟ್ಟು, ಕೊಡ ಎತ್ತಿಕೊಂಡು ಹೋದಳು. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಆ ಸುಖವನ್ನೂ ಕೊಡಲಿಲ್ಲ.

ಆಫೀಸಿಗೆ ಹೋದೆ. ಸಾಹೇಬರು ನನ್ನನ್ನು ಬಾಗಿಲಲ್ಲಿ ಕಂಡವರೇ ಎದ್ದು ಊಟಕ್ಕೆ ಹೋದರು. ಇನ್ನೂ ಬೆಳಗಿನ ಚಹಾದ ಹೊತ್ತು! ಸಂಜೆಯವರೆಗೂ ಅವರ ಊಟ ಮುಗಿಯಲಿಲ್ಲ.

ವಾಪಸು ಬಂದು ಬಾಷಾನಿಗೆ ಹೇಳಿದೆ: "ಅಡುಗೆಮನೇನ ನನ್ನ ಕೋಣೆ ಜಾಗಕ್ಕೆ ಹಾಕು. ನಾನು ಈ ಮೂಲೇಲಿ ಬೀಳ್ತೀನಿ."

"ನಿಮಗೆ ಕಿಟಕಿ ಇರಲ್ಲಲ್ಲ ಅತ್ತೆ" ಎಂದಳು ಪಾಲಮ್ಮ.

"ಕಿಟಕಿ ತಗಂಡು ನಾನೇನು ರೊಟ್ಟಿ ತಟ್ಟಬೇಕಾ? ಹೋಗು, ನೀರು ಹಿಡಿ."

ಈಗ ಅವಳು ರಸ್ತೆಯ ಕಿಟಕಿಯ ಮುಂದೆ, ಗ್ಯಾಸ್ ಒಲೆಯ ಮೇಲೆ ರೊಟ್ಟಿ ಮಾಡುತ್ತಾಳೆ. ನನ್ನ ಕಾನೂನು ಹಳೇ ಮನೆಯಲ್ಲೇ ಉಳಿಯಿತು. ಊರ ಸುದ್ದಿಯೆಲ್ಲ ಮೊದಲು ಅವಳಿಗೆ. "ಯಾರೇ ಅದು ಹೋಗಿದ್ದು?" ಎಂದು ಒಳಗಿಂದ ಕೂಗಿದರೆ, "ಯಾರೋ ಅತ್ತೆ" ಎನ್ನುತ್ತಾಳೆ. ಆ 'ಯಾರೋ' ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತು. ರೊಟ್ಟಿ ಮಾತ್ರ ಮೊದಲಿಗಿಂತ ಚೆನ್ನಾಗಿ ಉಬ್ಬುತ್ತವೆ. ಇದನ್ನು ಅವಳಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ನನ್ನ ತಲೆಯ ಮೇಲೆ ಮೀಟರು ಮಿಣುಕುತ್ತಿರುತ್ತದೆ. ತಿಂಗಳಿಗೊಮ್ಮೆ ರೀಡಿಂಗ್ ಬರೆದುಕೊಳ್ಳುವವನು ನೇರ ನನ್ನ ಹಾಸಿಗೆಯ ಹತ್ತಿರ ಬಂದು, "ಅಜ್ಜೀ, ಒಂಚೂರು ಆ ಕಡೆ ಸರೀರಿ" ಎನ್ನುತ್ತಾನೆ.

ಸರಿಯುತ್ತೇನೆ. ಗೋಡೆ ಎಬ್ಬಿಸುವ ದಿನ ಬಾಷಾ ಹೇಳಿದಾಗಲೇ ಸರಿದಿದ್ದರೆ ಆಗುತ್ತಿತ್ತು!