ಹಿತ್ತಾಳೆಯ ಮೇಲೆ ಒಂದು ಹೋಲಿಕೆ

ಸುಮಿತ್ರಾ ತೀರಿಹೋಗಿ ಎಂಟು ತಿಂಗಳಾಗಿತ್ತು. ರಾಯಬಾಗದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನ್ನ ಹೆಂಡತಿ. ಇಂಗ್ಲಿಷಿನಲ್ಲಿ ಹೆಚ್ಚು ಅಂಕ ಪಡೆದವರಿಗೆ ಅವಳ ಹೆಸರಿನಲ್ಲಿ ಪ್ರತಿ ವರ್ಷ ಒಂದು ಶೀಲ್ಡ್ ಕೊಡಿಸಬೇಕೆಂದುಕೊಂಡೆ. ಬರೀ ಹೆಸರು ಸಾಲದು. ಅವಳ ಬಗ್ಗೆ ಒಂದಾದರೂ ನಿಜವಾದ ಮಾತು ಉಳಿಯಬೇಕು, ಅದೂ ಇಂಗ್ಲಿಷಿನಲ್ಲಿ. ಮೂವತ್ತು ವರ್ಷ ಕಚೇರಿಯಲ್ಲಿ ಇಂಗ್ಲಿಷ್ ಪತ್ರ ಬರೆದ ಗುಮಾಸ್ತನಿಗೆ ಒಂದು ಸಾಲು ಯಾವ ದೊಡ್ಡ ಮಾತು?

'ಇವರ ಇಂಗ್ಲಿಷು ಯಾವ ಶಿಕ್ಷಕರಿಗಿಂತಲೂ ಉತ್ತಮ' ಎಂಬ ಅರ್ಥ ಬರುವಂತೆ ಬರೆದು, ಯಾರಿಗೂ ತೋರಿಸದೆ ನಿಪ್ಪಾಣಿಗೆ ಹೋಗಿ ಶೀಲ್ಡಿನ ಹಿತ್ತಾಳೆ ತಗಡಿನ ಮೇಲೆ ಕೊರೆಸಿಬಿಟ್ಟೆ.

ಹೆಡ್‌ಮಾಸ್ತರರು ನೋಡಿದರು. "'ದ್ಯಾನ್ ಎನಿ' ಆದ ಮ್ಯಾಲ 'ಅದರ್' ಬೇಕ್ರಿ. ಇಲ್ಲಾಂದ್ರ ಮೇಡಮ್ಮಾರು ತಮಗಿಂತ ತಾವ ಶ್ಯಾಣ್ಯಾ ಆಗ್ತಾರ."

"ಸೇರಿಸಿದ್ರ ಆತಲ್ರಿ?"

"ಇಂಗ್ಲಿಷ್ ಸರಿ ಆಗ್ತೈತಿ. ಆದ್ರ ಮೈಕ್‌ನ್ಯಾಗ ಓದೂ ಮುಂದ ನಾವ್ ಮೂರು ಮಂದಿ ಇಂಗ್ಲಿಷ್ ಮಾಸ್ತರು ಸ್ಟೇಜ್ ಮ್ಯಾಲ ಕುಂತಿರ್ತೀವಿ. ಮಾರಿ ಎಲ್ಲಿ ಇಟ್ಕೊಳ್ಳೂಣ್ರಿ?"

ಮತ್ತೆ ನಿಪ್ಪಾಣಿ. ಎರಡನೇ ತಗಡು. 'ಉಳಿದ ಶಿಕ್ಷಕರಷ್ಟೇ ಉತ್ತಮ.' ಎಂಥ ನ್ಯಾಯ, ಎಂಥ ಸಮತೋಲನ! ಕೊಗನೊಳ್ಳಿಯಿಂದ ಬಂದಿದ್ದ ಸುಮಿತ್ರಾಳ ತಂಗಿ ಶೈಲಾ ಅದನ್ನು ಓದಿ ಚಹದ ಕಪ್ಪನ್ನು ಕುಕ್ಕಿದಳು.

"ಮಾಮಾ, ಅಷ್ಟ ಅಂದ್ರ? ನಮ್ಮ ಅಕ್ಕ ಹತ್ತರಾಗ ಹನ್ನೊಂದನೇದಾಕಿ ಏನ್ರಿ? ಇದನ್ನ ಕೊಡೂದಾದ್ರ ನಾ ಫಂಕ್ಷನ್‌ಗೆ ಬರೂದುಲ್ಲ!"

ಸಮಾರಂಭ ಮರುದಿನ. ಮೂರನೇ ಸಲ ಹೋದಾಗ ಕೊರೆಯುವವನು ಕೈಮುಗಿದ. "ಕಾಕಾ, ಇದು ಹಿತ್ತಾಳಿ ಐತ್ರಿ, ಪಾಟಿ ಅಲ್ಲ. ಉಗುಳಿ ಒರಸಾಕ ಬರೂದುಲ್ಲ! ಯಾರಿಗೂ ಸಿಟ್ಟ ಬರಲಾರದಂಗ ಬರೀರಿ."

ಹಾಗಾದರೆ ಸಿಟ್ಟು ಮಾಡಿಕೊಳ್ಳುವ ಹಕ್ಕೇ ಇಲ್ಲದ ಒಬ್ಬ ಮನುಷ್ಯನೊಂದಿಗೆ ಅವಳನ್ನು ಹೋಲಿಸಬೇಕು. ಅಂಗಡಿಯ ಸ್ಟೂಲಿನ ಮೇಲೆ ಕೂತು ಇಡೀ ತಾಲೂಕನ್ನು ಹುಡುಕಿದೆ. ಒಬ್ಬನೇ ಸಿಕ್ಕ. 'ಇವರ ಇಂಗ್ಲಿಷು ಇವರ ಗಂಡನ ಇಂಗ್ಲಿಷಿಗಿಂತ ಉತ್ತಮ' ಎಂದು ಬರೆದುಕೊಟ್ಟೆ.

"ಇದಕ್ಕ ಯಾರದೂ ತಕರಾರಿಲ್ರಿ," ಎಂದರು ಹೆಡ್‌ಮಾಸ್ತರರು. ಒಂದು ಕ್ಷಣವೂ ಯೋಚಿಸಲಿಲ್ಲ!

ಇಪ್ಪತ್ತೆಂಟು ವರ್ಷ ನಾನು ಅವಳೆದುರು ಒಮ್ಮೆಯೂ ಒಪ್ಪಿಕೊಳ್ಳದ ಮಾತನ್ನು ಮೈಕಿನಲ್ಲಿ ಎರಡು ಸಲ ಓದಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಆದರೂ, ಶೈಲಾ ಎದ್ದು ನಿಂತು ಅಷ್ಟು ಜೋರಾಗಿ ಚಪ್ಪಾಳೆ ತಟ್ಟುವ ಅಗತ್ಯವಿರಲಿಲ್ಲ.