ಮೇಷ್ಟ್ರು ತಂದ ಸಿಗ್ನಲ್

ಸಡಿಲವಾದ ತಿರುಪು ಕಂಡರೆ ಬಿಗಿ ಮಾಡದೆ ಇರಲಾರದ ಮನುಷ್ಯ ಡ್ರಾಯಿಂಗ್ ಮೇಷ್ಟ್ರು. ಅನಾಹುತಕ್ಕೆಲ್ಲ ಅದೇ ಮೂಲ. ರಜೆ ಬಂತೆಂದರೆ ಹಳೆಯ ರೇಡಿಯೋ ಬಿಚ್ಚಿ ಜೋಡಿಸುವ ಗೀಳು ಬೇರೆ. ಅವರನ್ನು ಸಾಕಿ ಬೆಳೆಸಿದ ಸೋದರತ್ತೆ, "ರೇಡಿಯೋ ಮಾತಾಡ್ತಿಲ್ಲ ಕಣೋ, ಬರೀ ಗೊರಗೊರ ಅಂತಿದೆ" ಅಂದದ್ದೇ ತಡ, ಅದರ ಬೆನ್ನು ಬಿಚ್ಚಿದರು. ಒಳಗಿನ ಪುಟ್ಟ ಡಬ್ಬಿಗಳ ತಿರುಪುಗಳೆಲ್ಲ ಸಡಿಲ! "ಯಾವನೋ ಬೇಜವಾಬ್ದಾರಿ ಮನುಷ್ಯ!" ಎಂದು ಬೈಯುತ್ತ ಒಂದನ್ನೂ ಬಿಡದೆ ಬಿಗಿ ಮಾಡಿದರು. ಆಮೇಲೆ ಗೊರಗೊರವೂ ನಿಂತುಹೋಯಿತು.

ಆ ತಿರುಪುಗಳನ್ನು ಕಾರ್ಖಾನೆಯವರು ಅಳೆದು ತೂಗಿ ಅಷ್ಟಕ್ಕೇ ನಿಲ್ಲಿಸಿದ್ದರೆಂದು ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ಇನ್ನು ಅವನ್ನು ಸರಿಯಾದ ಜಾಗಕ್ಕೆ ಕೂರಿಸಬೇಕೆಂದರೆ, ರೇಡಿಯೋಗೆ ಬೇಕಾದ ಅಲೆಯನ್ನು ತಾನೇ ಹುಟ್ಟಿಸಿಕೊಡುವ ಯಂತ್ರ, ಸಿಗ್ನಲ್ ಜನರೇಟರ್, ಬೇಕೇ ಬೇಕು.

ಅತ್ತೆ ಬೈದಿದ್ದರೇ ಚೆನ್ನಾಗಿತ್ತು. ಸಂಜೆ ಆರಕ್ಕೆ ವಾರ್ತೆ ಓದುವ ಒಬ್ಬ ಮಹಾಶಯನ ದನಿಗಾಗಿ ಅವರು ತಲೆ ಬಾಚಿ, ಮುಖ ತೊಳೆದು ರೇಡಿಯೋ ಮುಂದೆ ಕೂರುತ್ತಿದ್ದರು. ಎಷ್ಟೋ ವರ್ಷಗಳಿಂದ ಮುಳ್ಳನ್ನು ಆ ಸ್ಟೇಷನ್ನಿನಿಂದ ಅಲ್ಲಾಡಿಸಿದವರಲ್ಲ. ರೇಡಿಯೋ ಮೂಕವಾದ ಮೇಲೆ ಬಾಚಣಿಗೆ ಮುಟ್ಟಿರಲಿಲ್ಲ. ಕೆದರಿದ ಆ ನರೆಗೂದಲು ಕಂಡಾಗಲೆಲ್ಲ ಮೇಷ್ಟ್ರು ಮುಖ ತಪ್ಪಿಸಿ ಓಡಾಡುತ್ತಿದ್ದರು.

"ಇವತ್ತು ಆರಕ್ಕೆ ನಿನ್ನ ವಾರ್ತೆಯವನನ್ನ ಮಾತಾಡಿಸ್ತೀನಿ ಅತ್ತೆ, ನೋಡ್ತಿರು" ಎಂದು ಆ ಭಾನುವಾರ ಬೆಳಿಗ್ಗೆ ಮಾತು ಕೊಟ್ಟು, ಫೋನ್ ಹಿಡಿದು ತಾರಸಿ ಹತ್ತಿದರು. ಆ ಕಟ್ಟಡದಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ.

"ಸಿಗ್ನಲ್ ಜನರೇಟರ್ ಇದೆಯಾ? ಈಗಲೇ ಬಂದೆ" ಎಂದು ರೇಡಿಯೋ ಸಾಮಾನಿನ ಅಂಗಡಿಯವನಿಗೆ ಹೇಳಿ ಫೋನ್ ಇಟ್ಟು ತಿರುಗಿದರೆ, ಬೆನ್ನ ಹಿಂದೆ ಕಟ್ಟಡದ ಸೆಕ್ರೆಟರಿ.

"ಏನ್ ಮೇಷ್ಟ್ರೇ, ಬಿಲ್ಡಿಂಗಿಗೇ ಸಿಗ್ನಲ್ ತರ್ತಿದ್ದೀರಾ? ಬಾಯೇ ಬಿಡಲಿಲ್ವಲ್ಲ!"

"ಅಯ್ಯೋ, ಇದು ಆ ಸಿಗ್ನಲ್ ಅಲ್ಲ ರೀ. ರೇಡಿಯೋದು..."

"ಸಂಕೋಚ ಯಾಕೆ? ಒಳ್ಳೇ ಕೆಲಸಕ್ಕೆ ನಾನೂ ಬರ್ತೀನಿ. ಸ್ಕೂಟರ್ ತೆಗೀತೀನಿ ಇರಿ."

ಮೇಷ್ಟ್ರು ಮೆಟ್ಟಿಲು ಇಳಿಯುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಇಳಿದಿತ್ತು. ಕೆಳಮನೆಯ ನರ್ಸಮ್ಮ ಬಾಗಿಲಲ್ಲೇ ಕೈಮುಗಿದು, "ನಿಮ್ಮ ಹೊಟ್ಟೆ ತಣ್ಣಗಿರ್ಲಿ" ಎಂದು ಹರಸಿದರು.

ಅಂಗಡಿಯವನು ಎರಡು ಯಂತ್ರ ತಂದಿಟ್ಟ. ಒಂದು ಹೊಚ್ಚ ಹೊಸದು, ಗಾಜಿನ ಮುಖದಲ್ಲಿ ಅಂಕಿಗಳು ಹೊಳೆಯುತ್ತಿದ್ದವು. ಇನ್ನೊಂದು ಟ್ರಂಕಿನಂಥ ಕಬ್ಬಿಣದ ಪೆಟ್ಟಿಗೆ, ಮುಂದೆ ತಟ್ಟೆಯಗಲದ ಡಯಲ್ಲು.

"ಹೊಸದೇ ತಗೊಳ್ಳಿ, ಅದರಲ್ಲಿ ಮಾತೇ ಇಲ್ಲ" ಎಂದು ಸೆಕ್ರೆಟರಿ ಅಪ್ಪಣೆ ಕೊಟ್ಟರು.

"ಇದರ ಅಲೆಗಳು ಶುರುವಾಗೋದೇ ನನ್ನ ರೇಡಿಯೋದ ಅಲೆಗಳು ಮುಗಿಯೋ ಜಾಗದಿಂದ ರೀ. ಏನುಪಯೋಗ?"

"ಹಳೇದು ಗಟ್ಟಿ ಸಾರ್. ಬೇಕಿದ್ರೆ ಮೈಕ್ ಸಿಗಿಸೋಕೂ ಜಾಗ ಇದೆ" ಅಂದ ಅಂಗಡಿಯವನು.

"ಮೈಕ್ ಕಟ್ಕೊಂಡು ನಾನೇನಪ್ಪಾ ಭಾಷಣ ಮಾಡ್ಬೇಕಾ?" ಎನ್ನುತ್ತ ಮೇಷ್ಟ್ರು ಹಳೆಯದನ್ನೇ ಅಪ್ಪಿಕೊಂಡರು. ಜನ್ಮದಲ್ಲಿ ಮೊದಲ ಸಲ ಸೆಕ್ರೆಟರಿಯ ಮಾತು ಮೀರಿದ್ದರು. ವಾಪಸ್ ಬರುವಾಗ ಆ ಮನುಷ್ಯ ಪ್ರತಿ ಗುಂಡಿಗೂ ಸ್ಕೂಟರ್ ಹಾರಿಸಿ ಸೇಡು ತೀರಿಸಿಕೊಂಡರು.

ಮನೆ ತುಂಬ ಜನ. ಎಲ್ಲರ ಕೈಯಲ್ಲೂ ಫೋನು. ಮೇಷ್ಟ್ರು ಯಂತ್ರಕ್ಕೆ ಕರೆಂಟ್ ಕೊಟ್ಟದ್ದೇ ರೇಡಿಯೋ "ಕುಂಯ್" ಎಂದಿತು. ಫೋನುಗಳು ತುಟಿಪಿಟಕ್ಕೆನ್ನಲಿಲ್ಲ. ನರ್ಸಮ್ಮ ಮಂಚ ಹತ್ತಿ ನಿಂತು ಫೋನ್ ಎತ್ತಿ ನೋಡಿದರು, ಉಹೂಂ. "ಒಳ್ಳೇ ಮಂಗ ಮಾಡಿದ್ರಲ್ಲ ಮೇಷ್ಟ್ರೇ!" ಎಂದು ಗೊಣಗುತ್ತ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಬೆಳಿಗ್ಗೆಯ ಹರಕೆಯೂ ಅವರ ಜೊತೆಗೇ ವಾಪಸ್ ಹೋಯಿತು. ಸೆಕ್ರೆಟರಿ ಮಾತ್ರ ಮೂತಿ ಊದಿಸಿಕೊಂಡು ಅಲ್ಲೇ ನಿಂತಿದ್ದರು.

ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ತಿರುಪುಗಳನ್ನು ಒಂದೊಂದಾಗಿ ಕೂರಿಸಿದರು. ಮುಳ್ಳು ತಿರುಗಿಸಿದರೆ, ಆಹಾ, ಯಾವುದೋ ದೂರದ ಊರಿನ ಹಾಡು ನೀರು ಕುಡಿದಷ್ಟು ಸಲೀಸಾಗಿ ಬಂತು! ಅದನ್ನು ಕೇಳಿ ಒಳಕೋಣೆಯಲ್ಲಿ ಅತ್ತೆ ಬಾಚಣಿಗೆ ಹುಡುಕತೊಡಗಿದರು. ಮೇಷ್ಟ್ರು ಹಿಗ್ಗಿನಿಂದ ಮುಳ್ಳನ್ನು ಅತ್ತೆಯ ಸ್ಟೇಷನ್ನಿಗೆ ತಂದು ನಿಲ್ಲಿಸಿದರು.

ಗೊರಗೊರ.

"ಆ ಸ್ಟೇಷನ್ನಾ?" ಸೆಕ್ರೆಟರಿ ಬಾಯಿ ಬಿಟ್ಟರು. "ಅದನ್ನ ಮುಚ್ಚಿದ್ರಲ್ರೀ, ಪೇಪರಲ್ಲೂ ಬಂದಿತ್ತು. ಆ ವಾರ್ತೆಯವನು ಈಗ ಬರೋದು ಫೋನಲ್ಲೇ. ಅದಕ್ಕೇ ಬಡ್ಕೊಂಡೆ, ನಮಗೆ ಬೇಕಾಗಿರೋದು ಆ ಸಿಗ್ನಲ್ ಅಂತ!"

ಅವರು ಹೋದ ಮೇಲೆ ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ಕೂತರು. ಅಂದರೆ ರೇಡಿಯೋಗೆ ಏನೂ ಆಗಿರಲೇ ಇಲ್ಲ. ನೆಟ್ಟಗಿದ್ದದ್ದನ್ನು ಕೆಡಿಸಿ, ಕೆಡಿಸಿದ್ದನ್ನು ನೆಟ್ಟಗೆ ಮಾಡಲು ಇಷ್ಟೆಲ್ಲ ಒದ್ದಾಡಿದ್ದು. ಛೆ, ಅಂದೇ ನಾಲ್ಕು ಜನರನ್ನು ಕೇಳಿದ್ದರೆ! ಅತ್ತೆ ನೀಟಾಗಿ ತಲೆ ಬಾಚಿಕೊಂಡು ಬಂದು ರೇಡಿಯೋ ಮುಂದೆ ಕೂತರು. "ಆರು ಆಗ್ತಾ ಬಂತೇನೋ?" ಎಂದು ಕೇಳಿದರು. "ಇನ್ನೂ ಸ್ವಲ್ಪ ಹೊತ್ತಿದೆ ಅತ್ತೆ" ಎಂದರು ಮೇಷ್ಟ್ರು.

ಸರಕ್ಕನೆ ಎದ್ದು ಯಂತ್ರವನ್ನು ಹಿಂದಿನ ಕೋಣೆಗೆ ಹೊತ್ತೊಯ್ದರು. ಕಿಟಕಿಯ ಹೊರಗೆ ಹಾಯುವ ರೇಡಿಯೋದ ಏರಿಯಲ್ ತಂತಿಗೆ ಅದನ್ನು ಸಿಗಿಸಿ, ಡಯಲ್ಲನ್ನು ಅತ್ತೆಯ ಸ್ಟೇಷನ್ನಿನ ಜಾಗಕ್ಕೆ ತಿರುಗಿಸಿದರು. ಹಳೆಯ ಟೇಪ್‌ರೆಕಾರ್ಡರಿನ ಮೈಕು ಹುಡುಕಿ ಜೋಡಿಸಿದರು. ಬಾಗಿಲು ಹಾಕಿ, ಅವತ್ತಿನ ಪೇಪರು ಬಿಡಿಸಿ, ಗುರುತು ಸಿಗದಿರಲೆಂದು ದನಿ ದಪ್ಪ ಮಾಡಿ, "ನಮಸ್ಕಾರ. ವಾರ್ತೆಗಳು..." ಎಂದು ಶುರು ಮಾಡಿದರು. ಹವಾಮಾನದವರೆಗೂ ಒಂದೇ ಉಸಿರಿಗೆ ಓದಿದರು. ಇನ್ನು ದಿನಾ ಓದಿದರಾಯಿತು, ಮಾಡಿದ ತಪ್ಪಿಗೆ ಇಷ್ಟೂ ಮಾಡದಿದ್ದರೆ ಹೇಗೆ ಎಂದುಕೊಂಡರು. ಮನಸ್ಸು ಎಷ್ಟೋ ಹಗುರಾಗಿತ್ತು.

ಹೊರಗೆ ಬಂದರೆ ರೇಡಿಯೋ ಆರಿಸಿತ್ತು. ಅತ್ತೆ ಜಡೆ ಬಿಚ್ಚುತ್ತಿದ್ದರು.

"ಯಾಕತ್ತೆ, ಹಿಡೀಲಿಲ್ವಾ?"

"ಚೆನ್ನಾಗೇ ಹಿಡೀತು ಮಗು, ನಿನ್ನ ಕೈಗುಣಕ್ಕೇನಾಗಿದೆ? ಆದ್ರೆ ನಮ್ಮವನನ್ನ ಎಲ್ಲಿಗೆ ಕಳಿಸಿದ್ರೋ ಏನೋ. ಅವನ ಜಾಗದಲ್ಲಿ ಕಪ್ಪೆ ನುಂಗಿದೋನ ಹಾಗೆ ಒಬ್ಬ ವಟಗುಟ್ತಿದ್ದ. ಕೇಳಕ್ಕಾಗ್ಲಿಲ್ಲಪ್ಪ, ಆರಿಸಿಬಿಟ್ಟೆ. ಅವನು ತೊಲಗೋವರೆಗೂ ನಾನು ರೇಡಿಯೋ ಹಾಕಲ್ಲ. ಆ ಮುಂಡೇದನ್ನ ಕೆಲಸದಿಂದ ತೆಗೀರಿ ಅಂತ ಸ್ಟೇಷನ್ನಿಗೆ ಒಂದು ಕಾಗದ ಬರೀತೀಯಾ?"

ಮೇಷ್ಟ್ರಿಗೆ ಗಂಟಲು ಕಟ್ಟಿಬಂತು. "ಬರೀತೀನಿ ಅತ್ತೆ" ಎಂದರು.

ಅತ್ತೆ ಜಡೆ ಬಿಚ್ಚುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಅದ್ಯಾಕೋ, ನಿನ್ನ ಗಂಟಲೂ ಅವನ ಹಾಗೇ ಆಗಿದೆಯಲ್ಲ! ಹೋಗು, ಬಿಸಿನೀರು ಕುಡಿ."