ಜುಗೂಳ ಕಡವಿನ ಆರು ಟ್ಯೂಬುಗಳು

ನಗುವಂಥ ಪ್ರಸಂಗಗಳು ದವಾಖಾನೆಯಲ್ಲೂ ನಡೆಯುತ್ತವೆ. ಆದರೆ ಜನರನ್ನು ನಾವೆಯಲ್ಲಿ ಶಿಸ್ತಾಗಿ ಕೂರಿಸಲು ಹೊರಟವರಿಗೆ ಅವನ್ನು ಹುಡುಕಿಕೊಂಡು ಹೋಗುವ ಕಷ್ಟವೇ ಇಲ್ಲ.

ಎಂಬತ್ತರ ದಶಕದಲ್ಲಿ ನಾನು ಜುಗೂಳದ ಹತ್ತಿರ, ಕೃಷ್ಣೆಯ ದಂಡೆಯ ದವಾಖಾನೆಯಲ್ಲಿ ಮೇಟ್ರನ್ ಆಗಿದ್ದೆ; ಅಲ್ಲಿಗೆ ನರ್ಸಾಗಿ ಬಂದು ಆಗಲೇ ಇಪ್ಪತ್ತು ವರ್ಷವಾಗಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು; ಸಾಲು ತಪ್ಪಿದ ಮಂಚವನ್ನು ಇಂದಿಗೂ ಸಹಿಸಲಾರೆ. ಒಂದು ಮಳೆಗಾಲ, ಜನ ಹೆಚ್ಚಾಗಿ ವಾಲಿದ ನಾವೆಯಿಂದ ನೀರಿಗೆ ಬಿದ್ದ ಬಾಣಂತಿಯನ್ನು ನಮ್ಮಲ್ಲಿಗೆ ಹೊತ್ತು ತಂದರು. ಅವಳು ಉಳಿದಳು. ಅವಳು ಕಣ್ಣು ತೆರೆದಾಗಲೇ ನಿಶ್ಚಯಿಸಿದೆ, ಇನ್ನು ಈ ಕಡವಿನಿಂದ ನನ್ನ ವಾರ್ಡಿಗೆ ಒಬ್ಬರೂ ಬರಕೂಡದು.

ಪಂಚಾಯಿತಿಯವರ ಬೆನ್ನು ಹತ್ತಿ ಜೀಪಿನ ಹಳೆಯ ಟ್ಯೂಬ್ ಆರು ತರಿಸಿ ಹವಾ ತುಂಬಿಸಿದೆ. ನಿಯಮ ಮೂರೇ: ಅಂಬಿಗ ಸಾಕೆಂದ ಮೇಲೆ ಯಾರೂ ಹತ್ತಬಾರದು, ನಾವೆಯಲ್ಲಿ ನಿಲ್ಲಬಾರದು, ಈಜು ಬಾರದವರು ಟ್ಯೂಬ್ ಇಲ್ಲದೆ ಕಾಲಿಡಬಾರದು. ಸಂತೆಯ ದಿನ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ನಾನೇ ಕಡವಿನಲ್ಲಿ ನಿಲ್ಲುತ್ತಿದ್ದೆ. ಆ ಕಡೆ ನರ್ಸಮ್ಮನನ್ನು ಕರೆಯುವುದು ಬಾಯಿಯವರು ಎಂದು.

ಹೊಳೆಯಲ್ಲಿ ಹುಟ್ಟಿದವನು

ಮೊದಲ ದಿನವೇ ಹೊಸ ಮೀಸೆಯ ತರುಣನೊಬ್ಬ ಟ್ಯೂಬನ್ನು ದೂರ ತಳ್ಳಿದ.

"ಇದನ್ನ ಹಾಕೊಂಡ್ರ ಮಂದಿ ನಗ್ತಾರ್ರಿ ಬಾಯಿಯವರ. ನಾವು ಹುಟ್ಟಿದ್ದ ಹೊಳ್ಯಾಗ."

ಹಿಂದಿದ್ದ ಅವನ ತಾಯಿ, "ಇವಗ ಈಜಾಕ ಬರಂಗಿಲ್ರಿ" ಎಂದಳು.

"ನೀನು ಹುಟ್ಟಿದ್ದು ನನ್ನ ಕೈಯಲ್ಲಿ," ಎಂದೆ. "ಬೋಗುಣಿಯ ನೀರು ಕಂಡೇ ಕಿರುಚಿ ಇಡೀ ವಾರ್ಡ್ ಎಬ್ಬಿಸಿದ್ದೆ."

ಟ್ಯೂಬ್ ತಾನಾಗಿಯೇ ಅವನ ಕೊರಳಿಗಿಳಿಯಿತು.

ಕೂತವನು

ಒಬ್ಬ ರೈತ ಸೈಕಲ್ ಹತ್ತಿಸಿ, ಅದನ್ನು ಹಿಡಿದು ನಿಂತ. ಕೂರದೆ ನಾವೆ ಹೊರಡುವುದಿಲ್ಲ ಎಂದೆ. ಅವನು ತಲೆಯಾಡಿಸಿ, ಪಕ್ಕದವರ ಹೆಗಲು ಹಿಡಿದು ಸೈಕಲ್ಲಿನ ಸೀಟಿನ ಮೇಲೇರಿ ಕೂತ.

"ಇದೇನು?"

"ಕೂತೇನಲ್ರಿ."

"ಕೆಳಗೆ ಕೂರಬೇಕು."

"ಕೆಳಗ ಕೂತ್ರ ಸೈಕಲ್ ಬೀಳತೈತಿ. ಮ್ಯಾಲ ಕೂತ್ರ ನೀವು ಬೈತೀರಿ. ಯಾರ ಮಾತ ಕೇಳ್ಲಿ?"

ಸೈಕಲ್ಲನ್ನು ಮಲಗಿಸಿದೆವು. ದಂಡೆ ಸೇರುವ ತನಕ ಅವನು ಅದರ ಹ್ಯಾಂಡಲ್ ತಡವುತ್ತಲೇ ಇದ್ದ, ಮಗ್ಗುಲಾಗಿ ಮಲಗಿದ ಎಮ್ಮೆಯನ್ನು ಸಮಾಧಾನ ಮಾಡುವಂತೆ.

ಸಾಹೇಬರ ಹಾರ

ಆಚೆ ದಂಡೆ ಮಹಾರಾಷ್ಟ್ರ. ಅಲ್ಲಿಂದ ದೊಡ್ಡ ಸಾಹೇಬರೊಬ್ಬರು ನಮ್ಮೂರ ಶಾಲೆಯ ಸಮಾರಂಭಕ್ಕೆ ಹೊರಟಾಗ ನಾನೂ ಅದೇ ನಾವೆಯಲ್ಲಿದ್ದೆ. ಈಜು ಬಾರದು, ಟ್ಯೂಬೂ ಬೇಡ ಎಂದರು. ಅಂಬಿಗ ಹುಟ್ಟನ್ನು ಒಳಗೆಳೆದುಕೊಂಡ. ನಾನು ಯಾರು ಗೊತ್ತೇನು ಎಂದು ಸಾಹೇಬರು ಮರಾಠಿಯಲ್ಲಿ ಗುಡುಗಿದರು.

"ಗೊತ್ತೈತ್ರಿ. ಅದಕ್ಕ ಪಂಕ್ಚರ್ ಇಲ್ಲದ್ದ ಆರಿಸಿ ಇಟ್ಟೇನಿ," ಎಂದ ಅಂಬಿಗ.

ಸಾಹೇಬರು ಟ್ಯೂಬ್ ಹಾಕಿಕೊಂಡೇ ಈಚೆ ದಂಡೆಗೆ ಇಳಿದರು. ಹಾರ ಹಿಡಿದು ನಿಂತವರಿಗೆ ಅದನ್ನು ತೆಗೆಯಿರಿ ಎನ್ನುವ ಧೈರ್ಯವಾಗಲಿಲ್ಲ. ಹಾರಗಳೆಲ್ಲ ಅದರ ಮೇಲೆ ಕಪಾಟಿನಲ್ಲಿ ಜೋಡಿಸಿಟ್ಟಂತೆ ಕೂತವು. ಫೋಟೋ ಕೂಡ ಹಾಗೆಯೇ ಬಂತು. ಅಂದಿನಿಂದ ಊರಿನಲ್ಲಿ ಒಂದೇ ಮಾತು, ದೊಡ್ಡವರು ಬಂದರೆ ಬಾಯಿಯವರು ಟ್ಯೂಬ್ ಹಾಕುತ್ತಾರೆ.

ಮಾಮಾನ ಮಾನ

ಇದರ ಫಲ ಮುಂದಿನ ಮದುವೆಯಲ್ಲಿ ಕಂಡಿತು. ನಮ್ಮೂರ ವರನ ದಿಬ್ಬಣ ಹೊಳೆ ದಾಟಬೇಕಿತ್ತು. ಕಡವಿಗೆ ಬಂದ ಗಂಡಸರೆಲ್ಲ ಒಮ್ಮೆಗೇ ಈಜು ಮರೆತಿದ್ದರು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಅವರ ಹೆಂಡಂದಿರನ್ನೇ ಕೇಳಿ ತಿಳಿದುಕೊಂಡೆ. ವರನಿಗೊಂದು, ಕಾಲು ಕುಂಟುವ ಅವನ ಚಿಕ್ಕಪ್ಪ ಕಾಕಾನಿಗೊಂದು, ಉಳಿದ ನಾಲ್ಕು ಮಕ್ಕಳಿಗೆ.

ವರನ ಸೋದರಮಾವ ಫೇಟಾ ಸರಿಪಡಿಸಿಕೊಂಡು ಮರಳಿನ ಮೇಲೆ ಕುಳಿತುಬಿಟ್ಟ.

"ಕಾಕಾಗ ಟ್ಯೂಬು, ಮಾಮಾಗ ಇಲ್ಲ. ಇದ್ಯಾವ ಪದ್ಧತಿ? ನಾ ಬರಂಗಿಲ್ಲ."

ಮಾವನಿಲ್ಲದೆ ಅಕ್ಷತೆ ಬೀಳುವುದಿಲ್ಲ. ಒಂದು ಮಗುವಿನದನ್ನು ತೆಗೆದು ಕೊಡಿ ಎಂದು ಹಿರಿಯರು ನನಗೆ ಕೈಮುಗಿದರು. ಆ ಬಾಣಂತಿಯ ಮುಖ ಕಣ್ಣೆದುರು ಬಂತು. ಕೊಡುವುದಿಲ್ಲ ಎಂದೆ.

"ನಂಗೂ ಈಜಾಕ ಬರಂಗಿಲ್ಲ," ಎಂದ ಮಾಮಾ ಕೊನೆಗೆ, ನೆಲ ನೋಡುತ್ತ.

ನಾವೆಯಿಂದ ಅವನ ಹೆಂಡತಿಯ ದನಿ ಬಂತು: "ಹ್ವಾದ ಪಂಚಮಿಗೆ ಹೊಳಿ ಈಜಿ ಪೈಜು ಗೆದ್ದಾವ್ರು ಯಾರ್ರಿ ಮತ್ತ?"

ಮೊದಲ ಸರದಿ ಹೋಗಿ ಟ್ಯೂಬುಗಳು ಮರಳಿ ಬರಲಿ ಎಂದೆ. ಈಜು ಬಲ್ಲವರು ಹಾಕಿಕೊಳ್ಳಬಾರದು ಎಂದು ನನ್ನ ನಿಯಮದಲ್ಲಿರಲಿಲ್ಲ. ಎರಡನೆಯ ಸರದಿಗೆ ಮಾಮಾ ಕೋಟಿನ ಮೇಲೆ ಟ್ಯೂಬ್ ಧರಿಸಿ, ನೆಟ್ಟಗೆ ಕೂತು ಹೊಳೆ ದಾಟಿದ. ಬೀಗರು ಆ ಟ್ಯೂಬಿನ ಮೇಲೆಯೇ ಶಲ್ಯ ಹೊದಿಸಿದರಂತೆ.

ಸಂಜೆ ನಾಲ್ವರು ಮಾಮಾನನ್ನು ವಾರ್ಡಿಗೆ ನಡೆಸಿಕೊಂಡು ಬಂದರು. ಟ್ಯೂಬ್ ಇನ್ನೂ ಹೊಟ್ಟೆಯ ಸುತ್ತಲೇ ಇತ್ತು. ಮಾನ ಇಳಿಸಬಾರದೆಂದು ಊಟಕ್ಕೂ ತೆಗೆದಿರಲಿಲ್ಲ. ಬುಂದಿ, ಪೂರಿ ಎಲ್ಲ ಒಳಗೆ ಸೇರಿದ ಮೇಲೆ ಅದು ಮೇಲಕ್ಕೂ ಬರುತ್ತಿರಲಿಲ್ಲ, ಕೆಳಕ್ಕೂ ಇಳಿಯುತ್ತಿರಲಿಲ್ಲ.

"ಕೊಯ್ದು ತಗೀರಿ," ಎಂದಳು ಹೆಂಡತಿ.

"ಅದು ಪಂಚಾಯಿತಿಯ ಟ್ಯೂಬು," ಎಂದು ವಾಲ್ವಿಗೆ ಕೈ ಹಾಕಿದೆ.

ಆ ಮಳೆಗಾಲವಿಡೀ ಕಡವಿನಿಂದ ನನ್ನ ವಾರ್ಡಿಗೆ ಬಂದವನು ಅವನೊಬ್ಬನೇ. ಹವಾ ಸುಯ್ ಎಂದು ಇಳಿಯುತ್ತಿದ್ದಂತೆ ಮಾಮಾ ನನ್ನ ಕೈ ಹಿಡಿದುಕೊಂಡ.

"ಬಾಯಿಯವರ, ಹೊಟ್ಟಿ ಒಡದ್ರೂ ಚಿಂತಿಲ್ಲ. ಹೋಗುವಾಗೂ ಬರುವಾಗೂ ನಾವ್ಯಾಗ ನಿಂತಿಲ್ರಿ. ಅಷ್ಟ ಬರಕೋರಿ."